ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 71% ಉಂಟು, ಆದರೂ ಓಡಲು ತಯಾರು ಅನ್ನುವ ರೆಡಿ ಲೈಟ್ ಬರುವುದಿಲ್ಲ. ಬರೀ ಟಕ್ ಟಕ್ ಶಬ್ದ

ಕೊಟ್ಟಾರದವ (ಜುಲೈ 8)
ತಲೆ ಕೆಟ್ಟು ಹೋಗಿದೆ. ಸ್ಕ್ರೀನ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಚಾರ್ಜ್ 71% ತೋರಿಸುತ್ತದೆ. ಬ್ರೇಕ್ ಒತ್ತಿ ಸ್ಟಾರ್ಟ್ ಬಟನ್ ಒತ್ತಿದರೆ ಸೀಟಿನ ಕೆಳಗಿನಿಂದ ಟಕ್ ಅನ್ನುತ್ತದೆ. ಮತ್ತೆ ಟಕ್ ಟಕ್. ಆಮೇಲೆ ಕೆಂಪು ಅಕ್ಷರದಲ್ಲಿ ಫಾಲ್ಟ್. ಐದಾರು ಸಲ ಒತ್ತಿದರೆ ಒಮ್ಮೊಮ್ಮೆ ರೆಡಿ ಬರುತ್ತದೆ. ನಿನ್ನೆ ಮಗಳನ್ನು ಪರೀಕ್ಷೆಗೆ ರಿಕ್ಷಾದಲ್ಲಿ ಕಳಿಸಬೇಕಾಯಿತು. ಸರ್ವಿಸಿನವರು ಕಾರು ನೋಡದೆ, ಫೋನಿನಲ್ಲೇ "ಪ್ಯಾಕ್ (ದೊಡ್ಡ ಬ್ಯಾಟರಿ) ಹೋಗಿರಬಹುದು" ಅಂದರು. 71% ಇರುವ ಬ್ಯಾಟರಿ ಹೋಗುವುದು ಹೇಗೆ ಮಾರಾಯ್ರೆ?

ಬಂಗುಡೆ_ಫ್ರೈ
ಯಾವ ಕಾರು? ಎಷ್ಟು ವರ್ಷ? ಫಾಲ್ಟ್ ಕೋಡ್ ಎಂತ?

ಕೊಟ್ಟಾರದವ
ಕಂಪನಿ ಹೆಸರು ಹಾಕುವುದಿಲ್ಲ, ಶೋರೂಮಿನವರು ಇಲ್ಲಿ ಓದುತ್ತಾರೆ. 2022ರದ್ದು, 30 ಯೂನಿಟ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ ಎಲ್‌ಎಫ್‌ಪಿ. ಕೋಡ್ ಓದುವ ಸಾಮಾನು ನನ್ನಲ್ಲಿಲ್ಲ. 12 ವೋಲ್ಟ್ ಬ್ಯಾಟರಿ ಸರಿ ಉಂಟು, ಅಳೆದಿದ್ದೇನೆ. ಅದನ್ನೇ ಹೇಳಬೇಡಿ.

ಪಣಂಬೂರು_ಅಲೆ
ಹೆಸರಲ್ಲೇ ಮಂಗಳೂರಿನ ಕೊಟ್ಟಾರ ಉಂಟು, ಮಳೆಗೆ ನೀರು ನಿಲ್ಲುವ ಜಾಗ, ತಿಂಗಳು ಜುಲೈ. ಇನ್ನೇನು ಕೇಳುವುದು? ನೀರು! ನೂರಕ್ಕೆ ನೂರು ಇನ್ಸುಲೇಶನ್ ಫಾಲ್ಟ್. ಪೆಟ್ರೋಲ್ ಕಾರಿನಲ್ಲಿ ಬ್ಯಾಟರಿಯ ಮೈನಸ್ ಕಾರಿನ ಲೋಹದ ಮೈಗೆ (ಬಾಡಿ) ಕೂಡಿರುತ್ತದೆ. ಇದರ ದೊಡ್ಡ ಬ್ಯಾಟರಿಯ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ, ಎರಡೂ ಬಾಡಿಯಿಂದ ದೂರ. ಅದು ದೂರ ಉಂಟಾ ಅಂತ ಕಾರೇ ಅಳೆಯುತ್ತಿರುತ್ತದೆ. ವೋಲ್ಟಿಗೆ 500 ಓಮ್ ತಡೆ (ರೆಸಿಸ್ಟೆನ್ಸ್) ಬೇಕು ಅಂತ ಲೆಕ್ಕ ಹಿಡಿದರೆ 320 ವೋಲ್ಟಿಗೆ 1,60,000 ಓಮ್. ಕನೆಕ್ಟರಿನಲ್ಲಿ ಪಸೆ ನಿಂತು ಇದು ಇಳಿದರೆ ಕಾರು ರೆಡಿ ಕೊಡುವುದಿಲ್ಲ. ಕೊಟ್ಟಾರ ಚೌಕಿಯ ನೀರಿನಲ್ಲಿ ಹೋಗಿದ್ದೀರಾ?

ಮುರಕಲ್ಲು
ಅಲೆಯವರೇ, ನಿಮಗೆ ಚಳಿ ಜ್ವರ ಬಂದರೂ ನೀರೇ ಕಾರಣ.

ಕೊಟ್ಟಾರದವರೇ, ದೊಡ್ಡ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅದರೊಳಗೆ 3.2 ವೋಲ್ಟಿನ ಸೆಲ್ಲುಗಳು ಸಾಲಾಗಿ ನೂರರಷ್ಟು ಇರುತ್ತವೆ. ಕಾರು ಆಫ್ ಇದ್ದಾಗ ಆ 320 ವೋಲ್ಟ್ ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ದೊಡ್ಡ ವೋಲ್ಟೇಜಿನ ಕಿತ್ತಳೆ ವಯರುಗಳೆಲ್ಲ ಖಾಲಿ. ಬಾಗಿಲು ಅಂದರೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್. ಅದನ್ನು ಎಳೆಯುವುದು ಬಾನೆಟ್ಟಿನ ಕೆಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ. ಅದು ಸುಸ್ತಾದರೆ 71% ಇದ್ದರೂ ಒಂದೇ, 7% ಇದ್ದರೂ ಒಂದೇ.

ಟಕ್ ಶಬ್ದಕ್ಕೆ ಒಂದು ಕ್ರಮ ಉಂಟು. ಸಾಮಾನ್ಯವಾಗಿ ಮೊದಲು ಮೈನಸ್ ಕಾಂಟ್ಯಾಕ್ಟರ್ ಕೂಡುತ್ತದೆ. ಪ್ಲಸ್ಸನ್ನು ಹಾಗೆ ಸೀದಾ ಕೂಡಿಸುವ ಹಾಗಿಲ್ಲ. ಮೋಟರಿಗೆ ಕರೆಂಟ್ ಕೊಡುವ ಇನ್ವರ್ಟರಿನ ಕೆಪಾಸಿಟರ್ ಬರಿದಾಗಿರುತ್ತದೆ. ದಾರಿಯಲ್ಲಿ 0.1 ಓಮ್ ಇದ್ದರೂ 3,200 ಆಂಪಿಯರ್ ನುಗ್ಗಿ ಕಾಂಟ್ಯಾಕ್ಟರ್ ವೆಲ್ಡ್ ಆಗಿಬಿಡುತ್ತದೆ. ಅದಕ್ಕೇ ಒಂದು ರೆಸಿಸ್ಟರ್ ಮೂಲಕ ಮೆಲ್ಲ ತುಂಬಿಸುವುದು. ಇದಕ್ಕೆ ಪ್ರೀ-ಚಾರ್ಜ್ ಅನ್ನುತ್ತಾರೆ. ಎರಡೂ ಬದಿ ಹೆಚ್ಚುಕಡಿಮೆ ಸಮ ಆದ ಮೇಲೆ ಪ್ಲಸ್ ಕೂಡುತ್ತದೆ, ರೆಡಿ ಬರುತ್ತದೆ. ಎಲ್ಲ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ಎಳೆಯುವ ಆ ಕ್ಷಣಕ್ಕೆ ಜಾಸ್ತಿ ಕರೆಂಟ್ ಬೇಕು. ಆಗ 12 ವೋಲ್ಟ್ ಕುಸಿದರೆ ಬಿಎಂಎಸ್ (ಬ್ಯಾಟರಿ ನೋಡಿಕೊಳ್ಳುವ ಕಂಪ್ಯೂಟರ್) ಎಲ್ಲವನ್ನೂ ಕೈಬಿಡುತ್ತದೆ. ನಿಮ್ಮ ಟಕ್ ಟಕ್ ಅದೇ ಅಂತ ನನ್ನ ಅಂದಾಜು.

12 ವೋಲ್ಟ್ ಅಳೆದದ್ದು ಯಾವಾಗ?

ಕೊಟ್ಟಾರದವ
ರೆಡಿ ಬಂದಾಗಲೇ. 13.9 ಇತ್ತು.

ಮುರಕಲ್ಲು
ಅದು ಬ್ಯಾಟರಿಯದ್ದಲ್ಲ. ರೆಡಿ ಬಂದ ಮೇಲೆ ಡಿಸಿ-ಡಿಸಿ ಕನ್ವರ್ಟರ್ ದೊಡ್ಡ ಬ್ಯಾಟರಿಯಿಂದ ಇಳಿಸಿ ಕೊಡುವ ವೋಲ್ಟೇಜ್. ಡೈನಮೊ ತಿರುಗುವಾಗ ಅಳೆದ ಹಾಗೆ. ರಾತ್ರಿ ಬಾನೆಟ್ ತೆರೆದಿಟ್ಟು ಕಾರು ಲಾಕ್ ಮಾಡಿ. ಬೆಳಿಗ್ಗೆ ಬಾಗಿಲು ಮುಟ್ಟುವ ಮೊದಲು ಅಳೆಯಿರಿ, 12.6ರ ಹತ್ತಿರ ಇರಬೇಕು. ಆಮೇಲೆ ಮನೆಯವರ ಹತ್ತಿರ ಸ್ಟಾರ್ಟ್ ಒತ್ತಿಸಿ, ಎಷ್ಟಕ್ಕೆ ಬೀಳುತ್ತದೆ ನೋಡಿ.

ಶಿರ್ವ_ಸ್ಪಾರ್ಕ್
ಸುಮ್ನೆ ಕಿತ್ತಳೆ ಕನೆಕ್ಟರ್ ಬಿಚ್ಚಿ ಹೇರ್ ಡ್ರೈಯರ್ ಹಿಡಿಯಿರಿ. ನನ್ನ ಸ್ಕೂಟರಿಗೆ ಹಾಗೇ ಮಾಡಿದ್ದು.

ಮುರಕಲ್ಲು
ದಯವಿಟ್ಟು ಇಂಥದ್ದನ್ನು ಬರೆಯಬೇಡಿ. ಸ್ಕೂಟರ್ ಬೇರೆ, ಇದು ಬೇರೆ. 320 ವೋಲ್ಟ್ ಡಿಸಿ ಆಟದ ವಸ್ತುವಲ್ಲ. ಕಲಿತವರೂ ದೊಡ್ಡ ಬ್ಯಾಟರಿಯ ಸರ್ಕೀಟ್ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಕೆಪಾಸಿಟರ್ ಇಳಿಯಲು ಹತ್ತು ನಿಮಿಷ ಕಾದು, 1,000 ವೋಲ್ಟಿನ ಗ್ಲೌಸ್ ಹಾಕಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕುವುದು. ಪ್ಲಗ್ ತೆಗೆದರೂ ಪೆಟ್ಟಿಗೆಯೊಳಗಿನ ಸೆಲ್ಲುಗಳಿಗೆ ಆಫ್ ಅಂತ ಒಂದಿಲ್ಲ.

ಬಂಗುಡೆ_ಫ್ರೈ
ನಡುವೆ ಒಂದು ಪ್ರಶ್ನೆ. 71%ಕ್ಕೆ ಯಾಕೆ ನಿಲ್ಲಿಸಿದ್ದು? ನಾನು 80% ದಾಟಿಸುವುದೇ ಇಲ್ಲ, ಬ್ಯಾಟರಿ ಬಾಳಿಕೆ ಬರುತ್ತದೆ.

ಆಗುಂಬೆ_ಇಳಿಜಾರು
ಅದು ಎನ್‌ಎಂಸಿಗೆ ಸ್ವಾಮಿ, ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬ್ಯಾಟರಿಗೆ. ಎಲ್‌ಎಫ್‌ಪಿಯ ವೋಲ್ಟೇಜ್ ನಡುವಲ್ಲಿ ಗದ್ದೆಯ ಹಾಗೆ ಸಪಾಟು. ಎಷ್ಟು ಉಳಿದಿದೆ ಅಂತ ಬಿಎಂಎಸ್‌ಗೇ ಸರಿಯಾಗಿ ಗೊತ್ತಾಗುವುದಿಲ್ಲ. ಆಗಾಗ 100% ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ. ನಾನು ಪ್ರತಿ ಭಾನುವಾರ ತುಂಬಿಸುತ್ತೇನೆ. ಮನೆ ಮೇಲೆ 5 ಕಿಲೋವ್ಯಾಟ್ ಸೋಲಾರ್ ಉಂಟು, 7.2ರ ಚಾರ್ಜರ್. ಮೊನ್ನೆ ಆಗುಂಬೆಯಿಂದ ಸೋಮೇಶ್ವರಕ್ಕೆ ಘಾಟಿ ಇಳಿದು ಬರುವಾಗ, ವೇಗ ತಗ್ಗಿಸಿದಾಗ ಚಾರ್ಜ್ ಕೊಡುವ ರೀಜನ್‌ನಲ್ಲೇ 12% ಏರಿತು!

ಬಂಗುಡೆ_ಫ್ರೈ
ಜುಲೈಯಲ್ಲಿ ಸೋಲಾರಾ? ನಿಮ್ಮ ಮನೆ ಮೇಲೆ ಬೇರೆ ಸೂರ್ಯ ಉಂಟಾ? 12% ಅಂತೂ ಲೆಕ್ಕಕ್ಕೆ ಕೂರುವುದಿಲ್ಲ. 1,600 ಕಿಲೋದ ಕಾರು 550 ಮೀಟರ್ ಇಳಿದರೆ ಒಟ್ಟು ಸಿಗುವುದೇ 2.4 ಯೂನಿಟ್. ಅದರಲ್ಲಿ ಗಾಳಿ, ಟಯರ್ ಎಲ್ಲ ತಿಂದು ಉಳಿದದ್ದು ಬ್ಯಾಟರಿಗೆ. 30 ಯೂನಿಟ್ ಪ್ಯಾಕಿಗೆ ನಾಲ್ಕೈದು ಪರ್ಸೆಂಟ್ ಬಂದರೆ ದೊಡ್ಡದು.

ಆಗುಂಬೆ_ಇಳಿಜಾರು
ನಾನು ಕಣ್ಣಾರೆ ನೋಡಿದ್ದು. ಫೋಟೋ ಹಾಕುತ್ತೇನೆ.

ಕೊಟ್ಟಾರದವ (ಜುಲೈ 10)
ಸೋಲಾರ್ ಮಾತು ಬೇರೆ ಕಡೆ ಇಟ್ಟುಕೊಳ್ಳಿ. ಬೆಳಿಗ್ಗೆ ಅಳೆದೆ. 11.9. ಹೆಂಡತಿ ಸ್ಟಾರ್ಟ್ ಒತ್ತಿದಾಗ 9.1ಕ್ಕೆ ಬಿತ್ತು, ಟಕ್ ಟಕ್.

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇಲ್ಲದಿರಬಹುದು. ಏಪ್ರಿಲಿನಲ್ಲಿ ಭಾವ ಡ್ಯಾಶ್‌ಕ್ಯಾಮ್ ಹಾಕಿ ಕೊಟ್ಟಿದ್ದರು. ನಿಲ್ಲಿಸಿದಾಗಲೂ ರೆಕಾರ್ಡ್ ಆಗುತ್ತದೆ. ಕಳೆದ ತಿಂಗಳು ಹತ್ತು ದಿನ ನಾವು ಮುಂಬೈಯಲ್ಲಿದ್ದೆವು.

ಮುರಕಲ್ಲು
ಸಂಬಂಧ ಇಲ್ಲವಂತೆ! ಕಾಲು ಆಂಪಿಯರ್ ಎಳೆದರೂ ದಿನಕ್ಕೆ 6 ಆಂಪಿಯರ್-ಅವರ್. ನಿಮ್ಮ ಸಣ್ಣ ಬ್ಯಾಟರಿ 35ರದ್ದು ಅಂತ ಇಟ್ಟುಕೊಂಡರೂ ಒಂದು ವಾರದೊಳಗೆ ತಳ ಕಂಡಿರುತ್ತದೆ. ನಿಂತಿರುವಾಗ ಕೆಲವು ಕಾರು ತಾನೇ ಎದ್ದು ಸಣ್ಣದಕ್ಕೆ ಚಾರ್ಜ್ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಹಾಗೆ ಪೂರ್ತಿ ಖಾಲಿಯಾದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಬದಲಾಯಿಸಿ. ಕ್ಯಾಮೆರಾ ವಯರ್ ತೆಗೆಸಿ.

ಕೊಟ್ಟಾರದವ (ಜುಲೈ 11)
ಹೊಸ ಬ್ಯಾಟರಿ ಹಾಕಿದೆ. ಬೆಳಿಗ್ಗೆ 12.7. ಒಂದೇ ಸಲಕ್ಕೆ ರೆಡಿ. ಮುರಕಲ್ಲಣ್ಣ, ನಿಮಗೊಂದು ನೀರ್‌ದೋಸೆ ಬಾಕಿ. ಭಾವನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ.

ಪಣಂಬೂರು_ಅಲೆ
ಒಂದು ಜೋರು ಮಳೆ ಕಳೆಯಲಿ, ಆಮೇಲೆ ಹೇಳಿ.

ಮುರಕಲ್ಲು
ಅಲ್ಲಿಗೇ ಬಂದರು ಇವರು.

ಕೊಟ್ಟಾರದವ (ಜುಲೈ 19)
ಅಲೆಯವರು ನಗಬಾರದು. ನಿನ್ನೆ ರಾತ್ರಿಯಿಡೀ ಸುರಿದ ಮೇಲೆ ಬೆಳಿಗ್ಗೆ ಒಮ್ಮೆ ಫಾಲ್ಟ್ ಬಂತು. ಒಂದೇ ಸಲ, ಟಕ್ ಶಬ್ದವೇ ಇಲ್ಲ. ಸಣ್ಣ ಬ್ಯಾಟರಿ 12.6 ಇತ್ತು. ಮಧ್ಯಾಹ್ನದ ಮೇಲೆ ಸರಿಯಾಯಿತು. ಜೂನಿನಲ್ಲಿ ಚೌಕಿಯಲ್ಲಿ ಬಾಗಿಲಿನ ಅಂಚಿನವರೆಗೆ ನೀರಿದ್ದಾಗ ದಾಟಿದ್ದೆ. ಹೇಳಿರಲಿಲ್ಲ ಅಲ್ವಾ?

ಪಣಂಬೂರು_ಅಲೆ
ಮೊದಲ ದಿನವೇ ಕೇಳಿದ್ದೆ! ಮೊದಲ ದಿನವೇ!

ಬಂಗುಡೆ_ಫ್ರೈ
ಪ್ಯಾಕ್ ಐಪಿ67 ಅಲ್ವಾ? ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕಲ್ಲ.

ಮುರಕಲ್ಲು
ಅದು ಪೆಟ್ಟಿಗೆಗೆ ಮಾತ್ರ, ಅದೂ ಸೀಲ್ ಹೊಸದಿದ್ದಾಗ. ಹೊರಗೆ ಎಸಿ ಕಂಪ್ರೆಸರ್, ಚಾರ್ಜಿಂಗ್ ಸಾಕೆಟ್, ಕನೆಕ್ಟರ್ ಎಲ್ಲ ಉಂಟಲ್ಲ. ಬಿಸಿಲಿಗೆ ಸರಿಹೋಗಿದ್ದರೆ ಅಲೆಯವರ ಮಾತು ನಿಜ ಇರಲೂಬಹುದು, ನನಗೆ ಖುಷಿ ಇಲ್ಲ. ಈ ಸಲ ಕೋಡ್ ಓದಿಸಿ. ಒಂದೊಂದೇ ಬಿಡಿಸಿ ಇನ್ಸುಲೇಶನ್ ಅಳೆಯಲು ಹೇಳಿ. ಪ್ಯಾಕ್ ಬದಲಾಯಿಸಲು ಮಾತ್ರ ಈಗಲೇ ಒಪ್ಪಬೇಡಿ.

ಕೊಟ್ಟಾರದವ
ಸೋಮವಾರ ತೆಗೆದುಕೊಂಡು ಹೋಗುತ್ತೇನೆ.

ಬಂಗುಡೆ_ಫ್ರೈ (ಆಗಸ್ಟ್ 14)
ಎಂತ ಆಯ್ತು ಮಾರಾಯ್ರೆ?

ಶಿರ್ವ_ಸ್ಪಾರ್ಕ್ (ಸೆಪ್ಟೆಂಬರ್ 2)
ಆ ಡ್ಯಾಶ್‌ಕ್ಯಾಮ್ ಮಾರುವುದಿದ್ದರೆ ಹೇಳಿ.