‘ರನ್‌ಆಫ್’ಗೆ ಕನ್ನಡ ಪದ ಬೇಕು: ಫಲಕ ಸೋಮವಾರ ಅಚ್ಚಿಗೆ

ಮಂಡ್ಯದಿಂದ ಪ್ರಶ್ನೆ:
ಮಾನ್ಯರೇ, ಶಿಂಷಾ ಕಣಿವೆಯ ಒಂದು ಕಿರು ಜಲಾನಯನದಲ್ಲಿ ಮಳೆನೀರು ಎಷ್ಟು ಇಂಗುತ್ತದೆ, ಎಷ್ಟು ನೆಲದ ಮೇಲೆಯೇ ಹರಿದುಹೋಗುತ್ತದೆ ಎಂದು ತೋರಿಸುವ ನಕ್ಷೆಯ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ವಿವರದ ಚಿತ್ರಗಳಲ್ಲಿ ಗದ್ದೆ, ಕಬ್ಬು, ತೆಂಗಿನ ತೋಟ, ಬೀಳುಗಳನ್ನು ಗುರುತಿಸಿ, ಆಯಾ ಜಾಗದ ಮಣ್ಣಿನ ಗುಣವನ್ನೂ ಸೇರಿಸಿ, ನೆಲದ ಪ್ರತಿ ತುಂಡಿಗೂ ಒಂದು ‘ಕರ್ವ್ ನಂಬರ್’ ಕೊಡಲಾಗಿದೆ; ಅದು ಹೆಚ್ಚಿದಷ್ಟೂ ಇಂಗುವುದು ಕಡಿಮೆ, ಹರಿದುಹೋಗುವುದು ಹೆಚ್ಚು. ಅದು 80 ಇರುವ ಕಡೆ ಒಂದು ಮಳೆಗೆ 50 ಮಿ.ಮೀ. ಬಿದ್ದರೆ, ಮೊದಲ 12.7 ಮಿ.ಮೀ. ಎಲೆ, ತಗ್ಗು, ಮಣ್ಣಿನ ಪಾಲಾಗಿ, ಉಳಿದದ್ದರಲ್ಲಿಯೂ ಒಂದಷ್ಟು ಇಂಗಿ, ಕೊನೆಗೆ ಹರಿದುಹೋಗುವುದು ಸುಮಾರು 14 ಮಿ.ಮೀ. ಹೀಗೆ ಹರಿದುಹೋಗುವ ನೀರಿಗೆ ಇಂಗ್ಲಿಷಿನಲ್ಲಿ ‘ರನ್‌ಆಫ್’ ಎನ್ನುತ್ತಾರೆ. ಇದನ್ನು ‘ಮೇಲ್ಹರಿವು’ ಎನ್ನಬಹುದೇ?

ಮೈಸೂರಿನಿಂದ ಉತ್ತರ:
ಬೇಡ. ‘ಅಪವಾಹ’ ಎನ್ನಿ. ‘ಅಪಹರಣ’ದಲ್ಲಿ ದೂರಕ್ಕೆ ಎಂಬ ಅರ್ಥ ಕೊಡುವ ‘ಅಪ’ವೇ ಇಲ್ಲಿಯೂ ಇದೆ. ಹಿಂದಿಯಲ್ಲಿಯೂ ಇದೇ ಪದ ಬಳಕೆಯಲ್ಲಿರುವುದರಿಂದ ಪರಿಭಾಷೆ ಒಂದಾಗುತ್ತದೆ.

ಮಂಡ್ಯದ ಇನ್ನೊಬ್ಬರಿಂದ:
ಹಿಂದಿಯಲ್ಲಿದೆ ಎಂಬುದು ಹಳ್ಳಿಯ ಫಲಕಕ್ಕೆ ಕಾರಣವೇ ಅಲ್ಲ. ಓದುವವರು ಅದನ್ನು ‘ಅಪವಾದ’ ಎಂದೇ ಓದಿಯಾರು. ಹಳಗನ್ನಡದ ‘ಪರಿ’ಗೆ ಓಡುವುದು, ಹರಿಯುವುದು ಎರಡೂ ಅರ್ಥಗಳಿದ್ದು, ಅದೇ ‘ಹರಿ’ ಆಗಿ ಉಳಿದಿದೆ. ‘ಕುಡಿನೀರು’ ಸಲ್ಲುವುದಾದರೆ ‘ಹರಿನೀರು’ ಏಕೆ ಸಲ್ಲದು? ‘ಮೇಲ್ಹರಿವು’ ಅಚ್ಚಗನ್ನಡವೇ ಆದರೂ ಇಲ್ಲಿ ದಾರಿ ತಪ್ಪಿಸುತ್ತದೆ. ಕನ್ನಂಬಾಡಿಯ ಒಳಹರಿವು, ಹೊರಹರಿವುಗಳನ್ನು ಪತ್ರಿಕೆಯಲ್ಲಿ ಕ್ಯೂಸೆಕ್ ಲೆಕ್ಕದಲ್ಲಿ ಓದಿ ರೂಢಿಯಾದವರಿಗೆ ‘ಹರಿವು’ ಎಂದರೆ ಸೆಕೆಂಡಿಗೆ ಇಷ್ಟು ಎಂಬ ಅಳತೆ. ನಿಮ್ಮ 14 ಮಿ.ಮೀ. ಆದರೋ ಹರಿದುಹೋದ ನೀರನ್ನೆಲ್ಲ ಮತ್ತೆ ನೆಲದ ಮೇಲೆ ಸಮನಾಗಿ ಹರಡಿದರೆ ಎಷ್ಟು ಆಳ ನಿಲ್ಲುತ್ತದೆ ಎಂಬ ಲೆಕ್ಕ.

ಮೈಸೂರಿನಿಂದ ಮತ್ತೆ:
ಹೊಳೆಯ ನೀರೂ ಹರಿಯುವ ನೀರೇ. ‘ಕ್ಯೂಸೆಕ್’ ಎಂಬ ಎರವಲನ್ನು ತಕರಾರಿಲ್ಲದೆ ಒಪ್ಪಿಕೊಂಡವರಿಗೆ ‘ಅಪವಾಹ’ದ ಮೇಲೆ ಮಾತ್ರ ಏಕಿಷ್ಟು ಮುನಿಸು?

ಮಂಡ್ಯದ ಇನ್ನೊಬ್ಬರಿಂದ:
‘ಕ್ಯೂಸೆಕ್’ ಜನರು ನಾಲೆಯ ನೀರಿಗಾಗಿ ಹೋರಾಡುತ್ತ ಕಲಿತ ಪದ. ‘ಅಪವಾಹ’ವನ್ನು ಇಲ್ಲಿ ಯಾರೂ ಕೇಳಿಲ್ಲ. ಹೊಳೆಯ ನೀರೆಂಬ ಗೊಂದಲ ಬೇಡವಾದರೆ ಹಿಂದೆ ‘ಮಳೆಯ’ ಎಂದು ಸೇರಿಸಿದರೆ ಮುಗಿಯಿತು.

ಪ್ರಶ್ನೆ ಕೇಳಿದವರಿಂದ:
‘ಮಳೆಯ ಹರಿನೀರು, ಮಿ.ಮೀ.ಗಳಲ್ಲಿ’ ಎಂದು ಹಾಕುತ್ತಿದ್ದೇನೆ. ‘ಕರ್ವ್ ನಂಬರ್’ ಅನ್ನು ಹಾಗೆಯೇ ಬಿಟ್ಟಿದ್ದೇನೆ. ‘ವಕ್ರಸಂಖ್ಯೆ’ ಎಂದರೆ ನಮ್ಮ ಲೆಕ್ಕವೇ ಸೊಟ್ಟಗಿದೆ ಎಂದುಕೊಂಡಾರು.