ವೇಲ್ ಎಲ್ಲೇ?

ಚೂಡಿದಾರ್ ಸೆಟ್ಟಿನ ಮೂರನೇ ಬಟ್ಟೆ ಬೇಕೋ ಬೇಡವೋ ಅನ್ನುವ ಬಗ್ಗೆ ನಮ್ಮ ಐದು ಜನರಲ್ಲಿ ಆರು ಅಭಿಪ್ರಾಯಗಳಿವೆ. ಅದರಲ್ಲಿ ಎರಡು ಗಿರಿಜಕ್ಕನವು. ಬೆಳಿಗ್ಗೆ ಒಂದು ಹೇಳುತ್ತಾರೆ, ಸಂಜೆ ಇನ್ನೊಂದು.

ಈ ಸಲ ಮಾತು ಎತ್ತಿದವಳು ರೇಖಾ. ಮೊಬೈಲಿನಲ್ಲಿ ಕುರ್ತಾ ಸೆಟ್ ಹುಡುಕುತ್ತಿದ್ದಳು. "ನೋಡ್ರೇ, ಈಗ ವೇಲ್ ಇಲ್ಲದ ಸೆಟ್ಟೇ ಜಾಸ್ತಿ. ನಮ್ಮ ಕಾಲದಲ್ಲಿ ವೇಲ್ ಕೊಡದೆ ಚೂಡಿದಾರ್ ಮಾರಿದ್ದರೆ ಅಂಗಡಿಯವನಿಗೆ ಬೈದು ಬರ್ತಿದ್ರು."

"ನಿಮ್ಮ ಕಾಲ ಅಂದ್ರೆ ಯಾವುದಮ್ಮಾ?" ಅಂದಳು ಫರ್ಜಾನಾ. ರೇಖಾಗೆ ಮೂವತ್ತೆಂಟು. ತೊಂಬತ್ತರ ದಶಕದ ಮಾತು ಬಂದರೆ ಮಾತ್ರ ಅವಳಿಗೆ ಎಂಬತ್ತಾಗುತ್ತದೆ.

ಸುಮಾ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾಳೆ. ಅವಳಿಗೆ ವೇಲ್ ಅಂದರೆ ಮೊದಲು ನೆನಪಾಗುವುದು ಪಿನ್ನು. "ನೆರಿಗೆ ಹಿಡಿದು, ವಿ ಆಕಾರ ಮಾಡಿ, ಎರಡೂ ಹೆಗಲಿಗೆ ಪಿನ್ ಚುಚ್ಚಿ, ಮೇಲಿಂದ ಬೆಲ್ಟ್ ಕಟ್ಟಿ ಹೋಗ್ತಿದ್ವಿ. ಪಾಠಕ್ಕೆ ಹೋಗ್ತಿದ್ದೀವೋ ಪೆರೇಡಿಗೋ ಗೊತ್ತಾಗ್ತಿರಲಿಲ್ಲ. ಒಂದು ಪಿನ್ ಬಿಚ್ಚಿಕೊಂಡರೆ ಆ ದಿನದ ಗಣಿತವೆಲ್ಲ ಅಲ್ಲೇ ಚುಚ್ತಿತ್ತು. ಆ ಪಿನ್ ಕಂಡುಹಿಡಿದ ಪುಣ್ಯಾತ್ಮ ಅಮೆರಿಕದ ವಾಲ್ಟರ್ ಹಂಟ್. 1849ರಲ್ಲಿ ಪೇಟೆಂಟ್ ತಗೊಂಡ. 15 ಡಾಲರ್ ಸಾಲ ಇತ್ತಂತೆ. ಅದನ್ನ ತೀರಿಸೋಕೆ ಪೇಟೆಂಟನ್ನೇ 400 ಡಾಲರಿಗೆ ಮಾರಿಬಿಟ್ಟ. ಮುಂದೆ ನಮ್ಮ ಹೈಸ್ಕೂಲುಗಳು ಬರ್ತವೆ ಅಂತ ಗೊತ್ತಿದ್ದರೆ ಪಾಪ ಮಾರ್ತಿರಲಿಲ್ಲ."

ಈಗ ಎಷ್ಟೋ ಶಾಲೆಗಳಲ್ಲಿ ವೇಲ್ ತೆಗೆದು ಮೇಲೊಂದು ಕೋಟು ಕೊಟ್ಟಿದ್ದಾರೆ. ಜಾರುವುದಿಲ್ಲ, ಪಿನ್ ಬೇಡ. ಬೇಸಿಗೆಯಲ್ಲಿ ಮಕ್ಕಳು ಒಳಗೇ ಬೇಯುತ್ತಾರೆ ಅಷ್ಟೇ.

"ನಿಮಗೆ ಅದು ಕೆಳಗೆ ಜಾರೋ ಚಿಂತೆ, ನಮ್ಮವರಿಗೆ ಮೇಲೆ ಹೋಗೋದೇ ಚಿಂತೆ ಆಯ್ತು," ಅಂದಳು ಫರ್ಜಾನಾ. "ಯೂನಿಫಾರಂ ಬಣ್ಣದ ದುಪಟ್ಟಾನೇ ತಲೆಗೂ ಹಾಕ್ಕೊಳ್ತೀವಿ ಅಂತ ಹುಡುಗಿಯರು ಕೇಳಿದ್ರು. 2022ರ ಮಾರ್ಚ್‌ನಲ್ಲಿ ಹೈಕೋರ್ಟು ಆಗಲ್ಲ ಅಂತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ಜಡ್ಜುಗಳು, ಎರಡು ತೀರ್ಪು. ಅದೇ ಬಟ್ಟೆ, ಅದೇ ಬಣ್ಣ. ಹೆಗಲ ಮೇಲಿದ್ರೆ ಶಿಸ್ತು, ಒಂದಡಿ ಮೇಲೆ ಹೋದ್ರೆ ಕೇಸು."

ಇವಳ ಮನೆಯಲ್ಲೇ ಎರಡು ಪಕ್ಷವಿದೆ. ತಂಗಿ ತಲೆಗೆ ಹಾಕುತ್ತಾಳೆ, ಇವಳು ಹಾಕುವುದಿಲ್ಲ. ಅಮ್ಮ ಇಬ್ಬರಿಗೂ ಬೈಯುತ್ತಾರೆ, ಇವಳಿಗೆ ಯಾಕೆ ಹಾಕಲ್ಲ ಅಂತ, ಅವಳಿಗೆ ಯಾಕೆ ನೆಟ್ಟಗೆ ಹಾಕಲ್ಲ ಅಂತ.

"ಪಾಕಿಸ್ತಾನದಲ್ಲಿ ಇದರ ಉಲ್ಟಾ ನಡೀತು," ಅಂತ ಫರ್ಜಾನಾ ಮುಂದುವರಿಸಿದಳು. "ಜಿಯಾ ಉಲ್ ಹಕ್ ಕಾಲದಲ್ಲಿ ಟಿವಿಯಲ್ಲಿ ಬರೋ ಹೆಂಗಸರು ತಲೆ ಮುಚ್ಚಲೇಬೇಕು ಅಂತ ಹುಕುಂ ಆಯ್ತು. ಮಹ್ತಾಬ್ ಚನ್ನಾ ಅನ್ನೋ ನಿರೂಪಕಿ ಒಪ್ಪದೆ ಕಾರ್ಯಕ್ರಮಾನೇ ಬಿಟ್ಟು ಹೋದ್ರು. ಆಮೇಲೆ 1988ರಲ್ಲಿ ಬೇನಜೀರ್ ಭುಟ್ಟೋ ಪ್ರಧಾನಿ ಆದ್ರು. ತಲೆ ಮೇಲೆ ಬಿಳಿ ದುಪಟ್ಟಾ. ಅದು ಜಾರೋದು, ಅವರು ಎಳ್ಕೊಳ್ಳೋದು. ದೇಶ ಆಳೋಕೆ ಒಂದು ಕೈ, ದುಪಟ್ಟಾ ಹಿಡಿಯೋಕೆ ಒಂದು ಕೈ."

"ಬೇಡ ಬೇಡ ಅಂತ ಸುಲಭವಾಗಿ ಅಂತೀರಿ," ಅಂತ ಸುಮಾ ಒಳಗಿನ ಮೇಷ್ಟ್ರು ಎದ್ದರು. "ಕೇರಳದ ಕಡೆ ಇದ್ದ ತಿರುವಾಂಕೂರು ಸಂಸ್ಥಾನದಲ್ಲಿ ಇದನ್ನ ಹಾಕ್ಕೊಳ್ಳೋಕೆ ಬಡಿದಾಟಗಳೇ ಆಗಿವೆ. ಮೇಲ್ಜಾತಿಯವರ ಮುಂದೆ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳೋ ಹಾಗಿರಲಿಲ್ಲ. ದಶಕಗಟ್ಟಲೆ ಗಲಾಟೆ ಆದಮೇಲೆ 1859ರಲ್ಲಿ ಮಹಾರಾಜರ ಅಪ್ಪಣೆ ಬಂತು. ಅದರಲ್ಲೂ ಷರತ್ತು, ಮೇಲ್ಜಾತಿಯವರ ಥರ ಮಾತ್ರ ಹೊದೆಯಬಾರದು ಅಂತ!"

"ಅಂದ್ರೆ ಹಾಕಿದ್ರೂ ತಪ್ಪು, ತೆಗೆದ್ರೂ ತಪ್ಪು, ಸ್ಟೈಲ್ ಮಾಡಿದ್ರೂ ತಪ್ಪು," ಅಂದಳು ರೇಖಾ.

ನನಗಂತೂ ಒಂದು ಖಾತ್ರಿಯಾಗಿದೆ. ಆ ಬಟ್ಟೆಯ ಮೇಲೆ ಯಾರಿಗೂ ಸಿಟ್ಟಿಲ್ಲ. ಅದು ಎಲ್ಲಿರಬೇಕು ಅಂತ ಹೇಳುವ ಕೆಲಸವನ್ನು ಬಿಟ್ಟುಕೊಡಲು ಯಾರೂ ತಯಾರಿಲ್ಲ, ಅಷ್ಟೇ.

ಗಿರಿಜಕ್ಕ ಅಷ್ಟು ಹೊತ್ತು ಸುಮ್ಮನಿದ್ದವರು ಬಾಯಿ ಬಿಟ್ಟರು. ಅವರದು ಧಾರವಾಡದ ಕಡೆ. "ನಾ ಲಗ್ನಾಗಿ ಬಂದಾಗ ಮಾವನವರ ಮುಂದ ತಲಿ ಮ್ಯಾಲಿನ ಸೆರಗು ಇಳಿಸೋ ಮಾತೇ ಇದ್ದಿಲ್ಲ ಬಿಡ್ರವಾ. ಇಳಕಲ್ ಸೀರಿ ಸೆರಗು ಮೂಗಿನ ತನಕಾ. ಮಾವನವರ ಮಾರಿ ಹೆಂಗಿತ್ತು ಅಂತ ಯಾರರೆ ಕೇಳಿದ್ರ ಹೇಳಾಕ ಬರೂದಿಲ್ಲ. ಕಾಲಬೆರಳು ತೋರಸ್ರಿ, ಬರೋಬ್ಬರಿ ಗುರ್ತು ಹಿಡಿತೀನಿ."

"ನಿಮ್ಮ ಸೊಸೆ?"

"ಅಕಿ ಜೀನ್ಸ್ ಹಾಕ್ತಾಳ. ಮಾವನ ಮಾರಿ ದಿನಾ ಇನ್‌ಸ್ಟಾಗ್ರಾಂನಾಗ ಹಾಕ್ತಾಳ."

"ಬೇಜಾರಿಲ್ವಾ ಅಕ್ಕ?"

"ಅವರಿಗೆ ಲೈಕ್ ಬರ್ತಾವ, ಅವರ್ಯಾಕ ಬ್ಯಾಸರ ಮಾಡ್ಕೋತಾರ? ನನ್ನ ಫೋಟೋ ಒಂದೂ ಹಾಕಿಲ್ಲ, ಅದಕ್ಕ ನನಗ ಸಿಟ್ಟು."

ಗಂಡಸರ ಮಾತು ಬಂದ ಮೇಲೆ ರೇಖಾಗೆ ಹುರುಪು ಬಂತು. ಅವರ ಹೆಗಲ ಮೇಲೂ ಬಟ್ಟೆ ಇರುತ್ತದೆ ಅಲ್ವಾ? ಶಲ್ಯ, ಟವೆಲ್ಲು, ರೈತ ಸಂಘದ ಹಸಿರು ಶಾಲು. ಜಾರಿ ನೆಲಕ್ಕೆ ಬಿದ್ದರೂ "ಶಲ್ಯ ಸರಿ ಮಾಡ್ಕೊಳ್ಳಪ್ಪಾ, ಜನ ನೋಡ್ತಾರೆ" ಅಂತ ಯಾರೂ ಹೇಳುವುದಿಲ್ಲ. "ಗಂಡಸಿನ ಹೆಗಲಿಗೆ ಬಿದ್ದರೆ ಸನ್ಮಾನ, ಹೆಂಗಸಿನ ಹೆಗಲಿಂದ ಜಾರಿದರೆ ಅವಮಾನ," ಅಂದಳು. ಹೇಳಿ ಮುಗಿಸಿ ತನಗೇ ಖುಷಿಯಾಗಿ, ಮರೆಯುವುದರೊಳಗೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡಳು. ಐದು ನಿಮಿಷದಲ್ಲಿ ಅವಳ ಗಂಡನದೇ ಮೊದಲ ಹೆಬ್ಬೆರಳು ಬಂತು. ಅವರು ಸ್ಟೇಟಸ್ ಓದುವುದಿಲ್ಲ, ಒತ್ತುತ್ತಾರೆ.

ಫರ್ಜಾನಾ ವೇಲ್ ಬಿಡಲು ಇನ್ನೊಂದು ಕಾರಣವಿದೆ. ಅವಳು ಸ್ಕೂಟರಿನವಳು. ಸ್ಕೂಟರ್ ಹತ್ತುವಾಗ ವೇಲ್ ಡಿಕ್ಕಿಗೆ ಹೋಗುತ್ತದೆ, ಇಳಿದ ಮೇಲೆ ಹೆಗಲಿಗೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಇದರಲ್ಲಿ ತಮಾಷೆ ಏನೂ ಇಲ್ಲ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ಊರಿನಲ್ಲಿ ಸತ್ತಿದ್ದು ಕುತ್ತಿಗೆಯ ಉದ್ದನೆಯ ಬಟ್ಟೆ ಕಾರಿನ ಚಕ್ರಕ್ಕೆ ಸಿಕ್ಕಿಯೇ. ನಮ್ಮ ಸರ್ಕಾರಕ್ಕೂ ಇದು ಗೊತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮವೇ ಇದೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಬೈಕಿನ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಅನ್ನುತ್ತದೆ ಅದು.

"ಹುಡುಗರು ಹೊಸ ಬೈಕ್ ತಂದ ಕೂಡಲೇ ಮೊದಲು ಬಿಚ್ಚಿಸೋದೇ ಆ ಸೀರೆ ಗಾರ್ಡು," ಅಂದಳು ಸುಮಾ. "ಬೈಕಿನ ಲುಕ್ ಹಾಳಾಗುತ್ತಂತೆ."

"ಮದುವೆ ಆದಮೇಲೆ ಹುಡುಕಿಕೊಂಡು ಹೋಗಿ ಹಾಕಿಸ್ತಾರೆ ಬಿಡು. ಆಮೇಲೆ ಬೈಕೂ ಇಲ್ಲ ಲುಕ್ಕೂ ಇಲ್ಲ."

ಇನ್ನು ಕಣ್ಣು ಮಾತ್ರ ಬಿಟ್ಟು ಮುಖಕ್ಕೆಲ್ಲ ವೇಲ್ ಸುತ್ತಿಕೊಂಡು ಗಾಡಿ ಓಡಿಸುವ ಹುಡುಗಿಯರಿದ್ದಾರಲ್ಲ, ಅವರನ್ನು ಕಂಡು ಒಬ್ಬರು "ಅಬ್ಬಾ, ಎಂಥ ಸಂಪ್ರದಾಯಸ್ಥರು" ಅಂದಿದ್ದರು. ಸಂಪ್ರದಾಯ ಅಲ್ಲ ಸ್ವಾಮಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸರ್ಕಲ್ಲಿನ ಧೂಳು. ಜೊತೆಗೆ ಎದುರಿಗೆ ಸಿಗುವ ನೆಂಟರಿಗೆ ಗುರುತು ಸಿಗುವುದಿಲ್ಲ ಅನ್ನುವ ಲಾಭ ಬೇರೆ.

"ಏನೇ ಹೇಳಿ, ವೇಲ್ ಕಥೆ ಮುಗೀತು," ಅಂದಳು ರೇಖಾ. ನಾನು ಒಪ್ಪಲಿಲ್ಲ. ಮುಗಿದಿಲ್ಲ, ಸಂಸಾರ ಬದಲಾಯಿಸಿದೆ. ಚೂಡಿದಾರ್ ಬಿಟ್ಟು ನೈಟಿ ಜೊತೆ ಸೇರಿಕೊಂಡಿದೆ.

ಈ ಮಾತಿಗೆ ಮಾತ್ರ ಐವರೂ ಒಂದೇ ದನಿಯಲ್ಲಿ ಹೂಂ ಅಂದೆವು. ಯಾವ ಬಡಾವಣೆಗಾದರೂ ಬೆಳಿಗ್ಗೆ ಹೋಗಿ ನೋಡಿ. ಹಾಲಿನ ಅಂಗಡಿ ಮುಂದೆ, ತಳ್ಳುಗಾಡಿ ಸೊಪ್ಪಿನವನ ಸುತ್ತ, ಕಸದ ಗಾಡಿ ಹಾಡು ಕೇಳಿಸಿದ ಕೂಡಲೇ ಗೇಟುಗಳಲ್ಲಿ, ಎಲ್ಲ ಕಡೆ ನೈಟಿ, ನೈಟಿ ಮೇಲೆ ವೇಲ್. ವೇಲ್ ಇಲ್ಲದಿದ್ದರೆ ಅದು ಮಲಗುವ ಬಟ್ಟೆ. ಹೆಗಲಿಗೆ ಬಿದ್ದ ಕೂಡಲೇ ಹೊರಗೆ ಓಡಾಡುವ ಬಟ್ಟೆ. ಬಣ್ಣ ಹೊಂದಬೇಕು ಅಂತೇನಿಲ್ಲ. ಹೊಂದಿದರೇ ಅನುಮಾನ, ಎಲ್ಲಿಗೋ ಹೊರಟಿದ್ದಾಳೆ ಅಂತ. ಹಸಿರು ಹೂವಿನ ನೈಟಿಗೆ ಕೆಂಪು ಬಾಂಧನಿ ವೇಲ್ ಹಾಕಿಕೊಂಡು ನಮ್ಮ ಎದುರು ಮನೆಯವರು ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುತ್ತಾರೆ, ಬಾಡಿಗೆ ವಸೂಲು ಮಾಡುತ್ತಾರೆ, ಮಗನ ಟೀಚರ್ ಜೊತೆ ಗೇಟಿನಲ್ಲಿ ನಿಂತು ಜಗಳವನ್ನೂ ಆಡುತ್ತಾರೆ. ಇದಕ್ಕೆ ದೂರದ ಲೆಕ್ಕವೂ ಇದೆ. ಗೇಟಿನವರೆಗಾದರೆ ಟವೆಲ್ ಸಾಕು. ರಸ್ತೆ ಕೊನೆಯವರೆಗೆ ವೇಲ್ ಬೇಕು. ಮೇನ್ ರೋಡ್ ದಾಟುವುದಾದರೆ ಮಾತ್ರ ಬಟ್ಟೆ ಬದಲಾಯಿಸಬೇಕು. ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದಿಲ್ಲ.

"ಬರೆದಿಟ್ಟವರೂ ಇದ್ದಾರೆ," ಅಂದಳು ಸುಮಾ. "ಆಂಧ್ರದಲ್ಲಿ, ಆಗಿನ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ, ತೋಕಲಪಲ್ಲಿ ಅಂತ ಒಂದು ಹಳ್ಳಿ. 2018ರಲ್ಲಿ ಊರ ಹಿರಿಯರು ಸೇರಿ ಹಗಲು ಹೊತ್ತಿನಲ್ಲಿ ನೈಟಿ ಹಾಕಬಾರದು ಅಂತ ಮಾಡಿದ್ರು. ಹಾಕಿದವರಿಗೆ 2000 ರೂಪಾಯಿ ದಂಡ, ಚಾಡಿ ಹೇಳಿದವರಿಗೆ 1000 ಬಹುಮಾನ."

"ವೇಲ್ ಹಾಕಿದ್ರೆ ಏನಾದ್ರೂ ರಿಯಾಯ್ತಿ?" ಅಂದಳು ರೇಖಾ.

ಗಿರಿಜಕ್ಕ ಆಗಲೇ ಲೆಕ್ಕ ಹಾಕಿ ಮುಗಿಸಿದ್ದರು. "ಚಾಡಿ ಗಂಡನ ಕಡಿಂದನ ಹೇಳಸಬೇಕು. ಅರ್ಧಾ ರೊಕ್ಕ ಮನಿಗೇ ವಾಪಸ್ ಬರ್ತದ."

ಬೆಲೆಯ ವಿಷಯ ಬಂದಿದ್ದು ಇಲ್ಲಿಂದಲೇ. ಕಡ್ಡಾಯವಿದ್ದ ಕಾಲದಲ್ಲಿ ವೇಲಿಗೆ ಕಾಸಿನ ಕಿಮ್ಮತ್ತು ಇರಲಿಲ್ಲ. ಸೆಟ್ಟಿನ ಜೊತೆ ಬರುವ ತೆಳ್ಳನೆಯ ಬಟ್ಟೆ, ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಬನಿಯನ್ನುಗಳನ್ನೆಲ್ಲ ಗುಲಾಬಿ ಮಾಡುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ ಅದಕ್ಕೆ. ಬೇಕಿದ್ದರೆ ಹಾಕು, ಇಲ್ಲದಿದ್ದರೆ ಬಿಡು ಅಂತ ಆದದ್ದೇ ತಡ, ರೇಟು ಏರಿತು. ಈಗ ಬನಾರಸಿ ದುಪಟ್ಟಾ, ಪಂಜಾಬಿನ ಫುಲ್ಕಾರಿ, ಕಸೂತಿ ಹಾಕಿದ್ದು ಅಂತ ಬೇರೆಯೇ ಮಾರುತ್ತಾರೆ. ಮೊದಲು ದುಪಟ್ಟಾ ತಗೊಂಡು ಆಮೇಲೆ ಅದಕ್ಕೊಪ್ಪುವ ಕುರ್ತಾ ಹುಡುಕಬೇಕು. ಮದುವೆ ಹೆಣ್ಣಿನ ಲೆಹೆಂಗಾಕ್ಕೆ ಹೆಗಲಿಗೊಂದು, ತಲೆಗೊಂದು ಅಂತ ಎರಡೆರಡು. ಅಮ್ಮ ಬೈದು ಬೈದು ಹಾಕಿಸುತ್ತಿದ್ದ ಬಟ್ಟೆಯನ್ನು ಮಗಳು ಇಎಂಐ ಕಟ್ಟಿ ಹಾಕಿಕೊಳ್ಳುತ್ತಿದ್ದಾಳೆ.

ವೇಲ್ ಕಥೆ ಮುಗೀತು ಅಂದ ರೇಖಾಳೇ ಇದಕ್ಕೆ ಸಾಕ್ಷಿ. ಅವಳ ಬೀರುವಿನ ಒಂದು ಖಾನೆ ಪೂರ್ತಿ ದುಪಟ್ಟಾ. ಹಾಕುವುದಿಲ್ಲ, ಆದರೆ ಕೊಳ್ಳುವುದನ್ನು ಬಿಡುವುದಿಲ್ಲ. ಕೇಳಿದರೆ "ಕಲೆಕ್ಷನ್" ಅನ್ನುತ್ತಾಳೆ. ಜಾಗ ಸಾಲದೆ ಹಳೆಯವನ್ನೆಲ್ಲ ಒಂದು ಚೀಲಕ್ಕೆ ತುಂಬಿ ತಂದು ಗಿರಿಜಕ್ಕನ ಮುಂದೆ ಸುರಿದಳು. "ಅಕ್ಕ, ಕೌದಿ ಹೊಲಿಯೋಕೆ ಆಗುತ್ತಾ ನೋಡಿ."

ಗಿರಿಜಕ್ಕ ಒಂದೊಂದನ್ನೇ ಎತ್ತಿ, ಎರಡು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. "ಇದು ಶಿಫಾನು, ಸೂಜಿ ನಿಲ್ಲೂದಿಲ್ಲ. ಇದು ನೆಟ್ಟು, ಸೊಳ್ಳಿ ಪರದೆಗೂ ಬರೂದಿಲ್ಲ, ತೂತು ದೊಡ್ಡವು. ಇದರ ಮ್ಯಾಲೆ ಕನ್ನಡಿ ಹಚ್ಚ್ಯಾರ, ಹೊದ್ದು ಮಲಗಿದ್ರ ಮೈಯೆಲ್ಲಾ ಗೀರ್ತಾವ. ಎಷ್ಟು ಕೊಟ್ಟಿ ಇದಕ್ಕ?"

ರೇಖಾ ಹೇಳಿದಳು.

"ಕೌದಿಗೂ ಬರಲಾರದ ಅರಬಿಗೆ ಇಷ್ಟು ಕೊಟ್ಟಿ?" ಅಂತ ಬೈದರು. ಬೈಯುತ್ತಲೇ ರಾಶಿಯೊಳಗೆ ಕೈ ಹಾಕಿ ಎರಡು ಕಾಟನ್ ವೇಲ್ ಆರಿಸಿ ಪಕ್ಕಕ್ಕಿಟ್ಟುಕೊಂಡರು.

"ಇವು ಕೌದಿಗೆ ಆಗುತ್ತಾ ಅಕ್ಕ?"

"ಕೌದಿಗಲ್ಲವಾ," ಅಂದರು ಗಿರಿಜಕ್ಕ, "ನೈಟಿಗೆ."