ಚುಕ್ಕೆ ರಹಿತ ಪ್ರಶ್ನೆಗೆ 'ಉದ್ಭವಿಸುವುದಿಲ್ಲ' ಅನ್ನೋ ಉತ್ತರ ಬರದ ಹಾಗೆ ಬರೆಯೋದು ಹೇಗೆ?

ಹಳ್ಳಿನೀರು:

ಮುಂದಿನ ಅಧಿವೇಶನಕ್ಕೆ ಶಾಸಕರೊಬ್ಬರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳ ಮೇಲೆ ಚುಕ್ಕೆ ರಹಿತ, ಅಂದರೆ ಲಿಖಿತ ಉತ್ತರ ಮಾತ್ರ ಬರುವ ಪ್ರಶ್ನೆ ಬರೆದುಕೊಡಬೇಕಿದೆ. ಸದ್ಯದ ಕರಡು ಹೀಗಿದೆ:

(ಅ) ರಾಜ್ಯದ ಗ್ರಾಮೀಣ ಪ್ರದೇಶಗಳಲ್ಲಿ ಬಹುತೇಕ ಶುದ್ಧ ಕುಡಿಯುವ ನೀರಿನ ಘಟಕಗಳು ಕೆಟ್ಟು ನಿಂತು ಜನರು ಪರದಾಡುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
(ಆ) ಬಂದಿದ್ದಲ್ಲಿ, ಇದಕ್ಕೆ ಕಾರಣಗಳೇನು;
(ಇ) ದುರಸ್ತಿಗೆ ಸರ್ಕಾರ ಕೈಗೊಂಡಿರುವ ಕ್ರಮಗಳೇನು? (ಸಂಪೂರ್ಣ ಮಾಹಿತಿ ನೀಡುವುದು)

ಈ ಧಾಟಿಯ ಪ್ರಶ್ನೆಗಳಿಗೆ (ಅ) ಎದುರು 'ಇಲ್ಲ', (ಆ) ಮತ್ತು (ಇ) ಎದುರು 'ಉದ್ಭವಿಸುವುದಿಲ್ಲ' ಅಂತ ಬರುತ್ತೆ. ಇಲ್ಲದಿದ್ದರೆ 'ಕೆಲವು ಘಟಕಗಳಲ್ಲಿ ತಾಂತ್ರಿಕ ದೋಷ ಕಂಡುಬಂದಿದ್ದು, ಕಾಲಕಾಲಕ್ಕೆ ದುರಸ್ತಿಪಡಿಸಲಾಗುತ್ತಿದೆ'. ಎರಡರಿಂದಲೂ ಉಪಯೋಗವಿಲ್ಲ. ಎಲ್ಲಿ ತಿದ್ದಬೇಕು? ಇದನ್ನೇ ಸಂಸದರ ಮೂಲಕ ಲೋಕಸಭೆಯಲ್ಲೂ ಕೇಳಿಸಬಹುದಾ?

---

ಅನುಬಂಧ_1:

ನಿಮ್ಮ ಕರಡಿನಲ್ಲಿ ಮೂರು ಪ್ರಶ್ನೆ ಕಂಡರೂ ಇರುವುದು ಒಂದೇ. (ಆ), (ಇ) ಎರಡೂ (ಅ) ಹೆಗಲ ಮೇಲೆ ಕೂತಿವೆ. (ಅ)ಗೆ 'ಇಲ್ಲ' ಅಂದರೆ ಮೂರೂ ಒಟ್ಟಿಗೆ ಬಿದ್ದುಹೋಗುತ್ತವೆ. ಆ 'ಇಲ್ಲ'ವನ್ನು ಸುಳ್ಳು ಅಂತ ಸಾಧಿಸುವುದೂ ಕಷ್ಟ, ಯಾಕೆಂದರೆ ನೀವು ಕೇಳಿರುವುದು 'ಬಹುತೇಕ' ಘಟಕಗಳ ಬಗ್ಗೆ. ನೂರರಲ್ಲಿ ನಲವತ್ತು ನಿಂತಿದ್ದರೂ ಅದು ಬಹುತೇಕ ಅಲ್ಲ. 'ಪರದಾಡುತ್ತಿರುವುದು' ಅನ್ನುವುದು ಇನ್ನೊಂದು ಕಿಂಡಿ. ನಿಮಗೆ ಬೇಕಾದದ್ದು ಅಂಕಿ. ಒಪ್ಪಬೇಕೋ ನಿರಾಕರಿಸಬೇಕೋ ಅನ್ನುವ ಆಯ್ಕೆಯನ್ನೇ ಇಲಾಖೆಗೆ ಕೊಡಬೇಡಿ.

ಹೀಗೆ ಬರೆದು ನೋಡಿ:

(ಅ) 31-03-2025ರ ಅಂತ್ಯಕ್ಕೆ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು; ಅವುಗಳಲ್ಲಿ ಅಂದು ನೀರು ವಿತರಿಸುತ್ತಿದ್ದ ಘಟಕಗಳೆಷ್ಟು; (ಜಿಲ್ಲಾವಾರು)
(ಆ) ಅಂದಿಗೆ ಸತತ 30 ದಿನಗಳಿಗಿಂತ ಹೆಚ್ಚು ಕಾಲ ಸ್ಥಗಿತಗೊಂಡಿದ್ದ ಘಟಕಗಳೆಷ್ಟು; ನೀರಿನ ಮೂಲ ಬತ್ತಿರುವುದು, ಮೆಂಬ್ರೇನ್ ಅಥವಾ ಮೋಟಾರು ದೋಷ, ವಿದ್ಯುತ್ ಸಂಪರ್ಕ ಕಡಿತ, ನಿರ್ವಹಣಾ ಗುತ್ತಿಗೆ ಮುಗಿದಿರುವುದು, ಇತರೆ – ಈ ಕಾರಣವಾರು ಸಂಖ್ಯೆ ನೀಡುವುದು;
(ಇ) ಸದರಿ ಘಟಕಗಳ ನಿರ್ವಹಣೆಯ ಹೊಣೆ ಹೊತ್ತಿರುವವರು ಯಾರು. (ಇಲಾಖೆ, ಗ್ರಾಮ ಪಂಚಾಯಿತಿ, ಗುತ್ತಿಗೆ ಸಂಸ್ಥೆ – ಪ್ರತ್ಯೇಕ ಸಂಖ್ಯೆ)
(ಈ) 2022-23ರಿಂದ 2024-25ರವರೆಗೆ ದುರಸ್ತಿ ಮತ್ತು ನಿರ್ವಹಣೆಗೆ ಹಂಚಿಕೆಯಾದ, ಬಿಡುಗಡೆಯಾದ ಹಾಗೂ ವೆಚ್ಚವಾದ ಮೊತ್ತವೆಷ್ಟು? (ವರ್ಷವಾರು, ಲೆಕ್ಕಶೀರ್ಷಿಕೆ ಸಹಿತ)

ಇಲ್ಲಿ ಒಂದು ಭಾಗಕ್ಕೆ ಉತ್ತರ ಹಾರಿಸಿದರೂ ಉಳಿದ ಮೂರು ನಿಂತಿರುತ್ತವೆ.

ದಿನಾಂಕ ಹಾಕದಿದ್ದರೆ ಇಲಾಖೆ ತನಗೆ ಅನುಕೂಲವಾದ ತಿಂಗಳ ವರದಿ ತೆಗೆದುಕೊಡುತ್ತೆ. 'ನೀರು ವಿತರಿಸುತ್ತಿದ್ದ' ಅನ್ನದೆ 'ಕಾರ್ಯನಿರ್ವಹಿಸುತ್ತಿರುವ' ಅಂದರೆ ಬರೀ ಯಂತ್ರ ಕೂರಿಸಿರುವುದೂ ಲೆಕ್ಕಕ್ಕೆ ಬರುತ್ತೆ. 30 ದಿನದ ಗೆರೆ ಎಳೆಯದಿದ್ದರೆ ನಿನ್ನೆ ಫ್ಯೂಸ್ ಹೋದದ್ದೂ ಎರಡು ವರ್ಷದಿಂದ ಬೀಗ ಬಿದ್ದದ್ದೂ ಒಂದೇ ಸಾಲಿನಲ್ಲಿ ಕೂರುತ್ತವೆ. ಕಾರಣಗಳನ್ನು ನೀವೇ ಪಟ್ಟಿ ಮಾಡಿಕೊಡಿ, 'ತಾಂತ್ರಿಕ ದೋಷ' ಅನ್ನುವ ಒಂದೇ ಚೀಲಕ್ಕೆ ಎಲ್ಲ ತುಂಬಲು ಆಗಲ್ಲ. ಕೊಳವೆಬಾವಿ ಬತ್ತಿದ ಘಟಕಕ್ಕೆ ಹೊಸ ಮೆಂಬ್ರೇನ್ (ನೀರು ಶೋಧಿಸುವ ಪೊರೆ) ಹಾಕಿ ಏನು ಬಂತು? ಉತ್ತರದಲ್ಲಿ 'ಇತರೆ' ಕಾಲಂ ದಪ್ಪಗಿದ್ದರೆ ಮುಂದಿನ ಅಧಿವೇಶನದ ಪ್ರಶ್ನೆ ಅಲ್ಲೇ ಇದೆ.

ಹಂಚಿಕೆ, ಬಿಡುಗಡೆ, ವೆಚ್ಚ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. 'ಅನುದಾನ ಎಷ್ಟು' ಅಂದರೆ ಮೂರರಲ್ಲಿ ಯಾವುದು ದೊಡ್ಡದೋ ಅದು ಬರುತ್ತೆ. ನೀರು ಸರಬರಾಜಿಗೆ ರಾಜಸ್ವ ಲೆಕ್ಕದ ಪ್ರಧಾನ ಶೀರ್ಷಿಕೆ (ಆಯವ್ಯಯದಲ್ಲಿ ಆ ಬಾಬ್ತಿನ ಸಂಖ್ಯೆ) 2215, ಬಂಡವಾಳದ್ದು 4215. ದುರಸ್ತಿ ಹಣ ಯಾವುದರಿಂದ ಹೋಗಿದೆ ಅಂತ ಗೊತ್ತಾದರೆ ಆಯವ್ಯಯ ಪುಸ್ತಕದ ಜೊತೆ ತಾಳೆ ನೋಡಬಹುದು.

---

ಮೂರನೇ_ಶಾಖೆ:

ಮೇಲಿನ ಕರಡು ಚೆನ್ನಾಗಿದೆ. ಒಂದೇ ತಕರಾರು (ಆ) ಮೇಲೆ. 31 ಜಿಲ್ಲೆಗಳಿಂದ ಕಾರಣವಾರು ಸಂಖ್ಯೆ ತರಿಸುವುದು ಸುಲಭದ ಕೆಲಸ ಅಲ್ಲ.

ಎಲ್‌ಎಕ್ಯೂ (ವಿಧಾನಸಭೆ ಪ್ರಶ್ನೆ) ಹೋಗುವ ದಾರಿ ನೋಡಿ. ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ ಬರುತ್ತೆ, ಶಾಖೆಯ ವಿಷಯ ನಿರ್ವಾಹಕರ ಮೇಜಿಗೆ ಬೀಳುತ್ತೆ. ಅಲ್ಲಿಂದ ಆಯುಕ್ತಾಲಯಕ್ಕೆ, ಆಯುಕ್ತಾಲಯದಿಂದ ಜಿಲ್ಲಾ ಪಂಚಾಯಿತಿಗಳಿಗೆ, ಅಲ್ಲಿಂದ ಉಪವಿಭಾಗದ ಎಂಜಿನಿಯರಿಗೆ 'ಅತಿ ತುರ್ತು, ಇಂದು ಸಂಜೆ 4 ಗಂಟೆಯೊಳಗೆ' ಅನ್ನುವ ಮೆಸೇಜ್. ಬಂದ ಮಾಹಿತಿ ಅದೇ ದಾರಿಯಲ್ಲಿ ಮೇಲೇರಿ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಕಾರ್ಯದರ್ಶಿ ದಾಟಿ ಸಚಿವರ ಸಹಿಗೆ ಹೋಗಬೇಕು. ಎಲ್ಲರೂ ಕೂಡಿಸಿ ಕಳಿಸುವ ಹೊತ್ತಿಗೆ ಎರಡು ಜಿಲ್ಲೆ ಬಾಕಿ ಇದ್ದರೂ ಸಾಕು, 'ಮಾಹಿತಿಯನ್ನು ಕ್ರೋಡೀಕರಿಸಲಾಗುತ್ತಿದೆ' ಅನ್ನುವ ಒಂದೇ ಸಾಲು ಸದನದಲ್ಲಿ ಮಂಡನೆಯಾಗುತ್ತೆ.

ಹಾಗಾಗಿ ರಾಜ್ಯ ಮಟ್ಟಕ್ಕೆ ಈಗಾಗಲೇ ವರದಿಯಾಗುವ ಕಾಲಂ ಮಾತ್ರ ಕೇಳಿ: ಒಟ್ಟು, ಚಾಲನೆಯಲ್ಲಿರುವುದು, ಸ್ಥಗಿತ. ಕಾರಣವಾರು ವಿವರವನ್ನು ಶಾಸಕರ ಕ್ಷೇತ್ರಕ್ಕೆ ಸೀಮಿತ ಮಾಡಿ, ಗ್ರಾಮ ಪಂಚಾಯಿತಿವಾರು ಕೇಳಿ. ಒಂದು ಕ್ಷೇತ್ರದ ಪಟ್ಟಿಯನ್ನು ಒಬ್ಬ ಸಹಾಯಕ ಎಂಜಿನಿಯರ್ ಒಂದು ದಿನದಲ್ಲಿ ಕೊಡಬಲ್ಲ, ಕೊಡದಿದ್ದರೆ ನೆಪವೂ ಇರಲ್ಲ. ರಾಜ್ಯದ್ದು ಬೇಕೇ ಬೇಕು ಅಂದರೆ ಬೇರೆ ಬೇರೆ ಜಿಲ್ಲೆಯ ನಾಲ್ಕೈದು ಶಾಸಕರು ತಮ್ಮ ತಮ್ಮ ಕ್ಷೇತ್ರಕ್ಕೆ ಅದೇ ನಮೂನೆಯಲ್ಲಿ ಕೇಳಲಿ.

ಕಾಲಂ ಹೆಸರು ಎಲ್ಲಿ ಸಿಗುತ್ತೆ ಅಂದರೆ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆ) ಸಭೆಗೆ ಇಲಾಖೆ ತರುವ ಪ್ರಗತಿ ವರದಿಯಲ್ಲಿ. ತಾಲ್ಲೂಕು ಕೆಡಿಪಿಗೆ ಶಾಸಕರೇ ಅಧ್ಯಕ್ಷರು, ಆ ವರದಿ ಅವರ ಕಚೇರಿಯಲ್ಲೇ ಬಿದ್ದಿರುತ್ತೆ. ಅದರಲ್ಲಿರುವ ಪದವನ್ನೇ ಪ್ರಶ್ನೆಯಲ್ಲಿ ಎತ್ತಿ ಬರೆಯಿರಿ. ನೀವು 'ಕೆಟ್ಟಿರುವ' ಅಂತ ಬರೆದು ಅವರ ವರದಿಯಲ್ಲಿ 'ದುರಸ್ತಿಯಲ್ಲಿರುವ' ಅಂತ ಇದ್ದರೆ ಎರಡರ ನಡುವೆ ನುಸುಳುವುದು ಕಷ್ಟವಲ್ಲ.

---

ಕಟ್ಟೆಪುರಾಣ:

'ಗಮನಕ್ಕೆ ಬಂದಿದೆಯೇ' ಯಾವಾಗಲೂ ದಂಡ ಅನ್ನುವುದನ್ನು ನಾನು ಒಪ್ಪಲ್ಲ. ಕೈಯಲ್ಲಿ ದಾಖಲೆ ಇದ್ದಾಗ ಅದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಇಂಥ ದಿನಾಂಕದ, ಇಂಥ ಸಂಖ್ಯೆಯ ಜಿಲ್ಲಾ ಪಂಚಾಯಿತಿ ಪತ್ರ ಇಲಾಖೆಗೆ ತಲುಪಿದೆಯೇ ಅಂತ ಕೇಳಿ. ಹೌದು ಅಂದರೆ ವಿಷಯ ಗೊತ್ತಿತ್ತು ಅಂತಾಯಿತು. ಇಲ್ಲ ಅಂದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರು ಅಂತ ಎತ್ತಿಕೊಳ್ಳಬಹುದು. ದಾಖಲೆ ಇಲ್ಲದೆ, ಪತ್ರಿಕೆಯಲ್ಲಿ ಓದಿದ್ದನ್ನು ನೆಚ್ಚಿ ಕೇಳಿದರೆ ಮಾತ್ರ ನೀವು ಹೇಳುವ 'ಉದ್ಭವಿಸುವುದಿಲ್ಲ' ಗ್ಯಾರಂಟಿ.

---

ಅನುಬಂಧ_1:

ಒಪ್ಪಿದೆ. ಆದರೆ ಅದು (ಅ) ಆಗಬಾರದು. ಕೊನೆಯ ಭಾಗದಲ್ಲಿ ಇಡಿ, ಬಿದ್ದರೂ ಬೇರೆಯದನ್ನು ಎಳೆದುಕೊಂಡು ಬೀಳಲ್ಲ.

---

ಹಳ್ಳಿನೀರು:

ಇಬ್ಬರಿಗೂ ಧನ್ಯವಾದ ಸರ್. ರಾಜ್ಯಕ್ಕೆ ಮೂರು ಕಾಲಂ, ಕ್ಷೇತ್ರಕ್ಕೆ ಪಂಚಾಯಿತಿವಾರು ಕಾರಣ ಅಂತ ಬದಲಿಸುತ್ತೇನೆ. ಇದನ್ನು ಚುಕ್ಕೆ ಗುರುತಿನ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸುವ) ಪ್ರಶ್ನೆಯಾಗಿ ಹಾಕಿದರೆ ಒಳ್ಳೆಯದಾ? ಲೋಕಸಭೆ ವಿಷಯವೂ ಯಾರಾದರೂ ಹೇಳಿ.

---

ಶೂನ್ಯವೇಳೆ:

ಅಂಕಿ ಕೈಗೆ ಬರುವವರೆಗೆ ಚುಕ್ಕೆ ಗುರುತು ಬೇಡ. ಅದರ ಬಲವೆಲ್ಲ ಸದನದಲ್ಲಿ ಎದ್ದು ಕೇಳುವ ಉಪಪ್ರಶ್ನೆಯಲ್ಲಿದೆ, ಉಪಪ್ರಶ್ನೆಗೆ ಬೇಕಾದ ಮದ್ದು ಲಿಖಿತ ಉತ್ತರದಿಂದ ಬರಬೇಕು. ಈ ಅಧಿವೇಶನದಲ್ಲಿ ಚುಕ್ಕೆ ರಹಿತ, ಮುಂದಿನದರಲ್ಲಿ ಅದೇ ಉತ್ತರ ಹಿಡಿದು ಚುಕ್ಕೆ ಗುರುತಿನದು.

ಲೋಕಸಭೆಗೆ ಬಂದರೆ, ನಿಮ್ಮ ಪ್ರಶ್ನೆ ಹಾಗೇ ಹೋದರೆ ತಿರಸ್ಕೃತ ಆಗುತ್ತೆ, ಇಲ್ಲವೇ 'ನೀರು ರಾಜ್ಯದ ವಿಷಯ' ಅನ್ನುವ ಪೀಠಿಕೆಯಲ್ಲೇ ಉತ್ತರ ಮುಗಿಯುತ್ತೆ. ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ನೀರು 17ನೇ ನಮೂದು. ಕೇಂದ್ರ ಸರ್ಕಾರದ ಮುಖ್ಯ ಹೊಣೆಯಲ್ಲದ ವಿಷಯ ಕೇಳುವಂತಿಲ್ಲ ಅಂತ ಲೋಕಸಭೆಯ 41ನೇ ನಿಯಮ ಹೇಳುತ್ತೆ. ಹಾಗಾಗಿ ಘಟಕ ಬಿಟ್ಟು ಕೇಂದ್ರದ ಹಣ ಹಿಡಿಯಿರಿ. 2019ರ ಆಗಸ್ಟ್ 15ರಂದು ಘೋಷಣೆಯಾದ, ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್‌ನಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು ಅರ್ಧ, ಗುರಿ ತಲಾ ದಿನಕ್ಕೆ 55 ಲೀಟರ್. ರಾಜ್ಯಕ್ಕೆ ವರ್ಷವಾರು ಹಂಚಿಕೆ ಮತ್ತು ಬಿಡುಗಡೆ, ಬಾಕಿ ಇರುವ ಬಳಕೆ ಪ್ರಮಾಣಪತ್ರಗಳು (ಕೊಟ್ಟ ಹಣ ಖರ್ಚಾಗಿದೆ ಅನ್ನುವ ದಾಖಲೆ), ನಲ್ಲಿಯಲ್ಲಿ ನಿಜಕ್ಕೂ 55 ಲೀಟರ್ ಬರುತ್ತಿದೆಯೇ ಅಂತ ನಡೆಸಿದ ಮೌಲ್ಯಮಾಪನದ ಜಿಲ್ಲಾವಾರು ಫಲಿತಾಂಶ, ಇವಕ್ಕೆ ಜಲಶಕ್ತಿ ಸಚಿವರು ಉತ್ತರಿಸಲೇಬೇಕು. ಮಿಷನ್ ಅವಧಿಯನ್ನು 2028ರವರೆಗೆ ವಿಸ್ತರಿಸುವುದಾಗಿ 2025-26ರ ಬಜೆಟ್‌ನಲ್ಲಿ ಹೇಳಿದ್ದಾರೆ, ವಿಸ್ತರಿತ ಅವಧಿಗೆ ರಾಜ್ಯದ ಜೊತೆ ಆದ ಒಪ್ಪಂದವನ್ನೂ ಕೇಳಬಹುದು. ನಲ್ಲಿ ಸಂಪರ್ಕ ಎಷ್ಟು ಅಂತ ಮಾತ್ರ ಕೇಳಬೇಡಿ. ಅದು ಡ್ಯಾಶ್‌ಬೋರ್ಡಿನಲ್ಲಿದೆ, ಸಾರ್ವಜನಿಕವಾಗಿ ಸಿಗುವ ಮಾಹಿತಿಗೆ ಪ್ರಶ್ನೆ ಖರ್ಚು ಮಾಡಬಾರದು, ನಿಯಮವೂ ಬಿಡಲ್ಲ.

ಅಲ್ಲಿನ ಲೆಕ್ಕ: ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ರಹಿತ. ಒಬ್ಬ ಸದಸ್ಯರ ಹೆಸರಲ್ಲಿ ದಿನಕ್ಕೆ ಐದಕ್ಕಿಂತ ಹೆಚ್ಚು ಪಟ್ಟಿಗೆ ಬರಲ್ಲ, ಅದರಲ್ಲಿ ಚುಕ್ಕೆ ಗುರುತಿನದು ಒಂದೇ. ಯಾರ ಪ್ರಶ್ನೆ ಮೊದಲು ಅನ್ನುವುದು ಬ್ಯಾಲೆಟ್ (ಚೀಟಿ ಎತ್ತುವುದು) ಮೇಲೆ. ಒಂದು ಪ್ರಶ್ನೆ 150 ಪದ ಮೀರಬಾರದು. ವಾದ, ವ್ಯಂಗ್ಯ, ಆರೋಪ, ಊಹೆ, ಅಭಿಪ್ರಾಯ ಕೇಳುವುದು, ನ್ಯಾಯಾಲಯದಲ್ಲಿರುವ ವಿಷಯ, ಇವಿದ್ದರೆ ಹೊರಗೆ. ನಿಮ್ಮ ಮೊದಲ ಕರಡಿನ 'ಪರದಾಡುತ್ತಿರುವುದು' ಅಲ್ಲಿ ದಾಟುವುದೇ ಅನುಮಾನ.

ನೋಟಿಸ್ ಅವಧಿ ಪೂರ್ತಿ 15 ದಿನ, ಕೊಟ್ಟ ದಿನವನ್ನೂ ಉತ್ತರದ ದಿನವನ್ನೂ ಬಿಟ್ಟು. ಉತ್ತರ 20ನೇ ತಾರೀಕಿಗೆ ಬೇಕಿದ್ದರೆ 4ನೇ ತಾರೀಕಿನೊಳಗೆ ತಲುಪಿರಬೇಕು, 5ಕ್ಕೆ ಕೊಟ್ಟರೆ ಹೋಯಿತು. ಸಚಿವಾಲಯಗಳನ್ನು ಐದು ಗುಂಪು ಮಾಡಿ ಒಂದೊಂದಕ್ಕೆ ವಾರದ ಒಂದೊಂದು ದಿನ ಗೊತ್ತುಮಾಡಿರುತ್ತಾರೆ. ಒಂದು ದಿನ ತಪ್ಪಿದರೆ ಒಂದು ವಾರ ತಪ್ಪಿದ ಹಾಗೆ. ಫ್ಲೋರೈಡ್ ಅಂತ ಆರೋಗ್ಯ ಸಚಿವಾಲಯಕ್ಕೆ ಹಾಕಿ, ಅವರು ಜಲಶಕ್ತಿಗೆ ದಾಟಿಸುವಷ್ಟರಲ್ಲಿ ಅಧಿವೇಶನವೇ ಮುಗಿದಿರಬಹುದು.

ಒಂದು ಎಚ್ಚರಿಕೆ. ಕರಡು ಯಾರೇ ಬರೆಯಲಿ, ನೋಟಿಸ್ ಕೊಡಬೇಕಾದವರು ಸದಸ್ಯರೇ. ಘಟಕದ ಗುತ್ತಿಗೆಯಲ್ಲಿ ಆಸಕ್ತಿ ಇರುವವರನ್ನು ಕರಡಿನ ಹತ್ತಿರ ಬಿಟ್ಟುಕೊಳ್ಳಬೇಡಿ. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ ಸಂಸತ್ತಿನ 11 ಸದಸ್ಯರು ಉಚ್ಚಾಟನೆಯಾದರು.

---

ಮೂರನೇ_ಶಾಖೆ:

ಉತ್ತರ ಬಂದ ಮೇಲಿನ ಕೆಲಸವನ್ನು ಯಾರೂ ಹೇಳಲಿಲ್ಲ, ಅರ್ಧ ಶ್ರಮ ಅಲ್ಲೇ ಪೋಲಾಗುವುದು.

ಮೊದಲು ಉತ್ತರದ ಜೊತೆ ಬರುವ ಅನುಬಂಧದ ಮೊತ್ತಗಳನ್ನು ನೀವೇ ಕೂಡಿ. ಜಿಲ್ಲೆಗಳ ಮೊತ್ತವೂ ಉತ್ತರದಲ್ಲಿ ಬರೆದ ಒಟ್ಟು ಸಂಖ್ಯೆಯೂ ಹೊಂದದೇ ಇರುವುದು ಅಪರೂಪವೇನಲ್ಲ. ಸ್ಥಾಪಿಸಿದ್ದರಲ್ಲಿ ಚಾಲನೆಯದ್ದನ್ನು ಕಳೆದರೆ ಸ್ಥಗಿತದ್ದು ಬರಬೇಕು. ಬರದಿದ್ದರೆ ಎಷ್ಟೋ ಘಟಕ ಕಾಗದದ ಮೇಲೆಯೇ ಕಾಣೆಯಾಗಿವೆ, ಮುಂದಿನ ಪ್ರಶ್ನೆ ಅದು. ಲೋಕಸಭೆಯಲ್ಲಾದರೆ ಸಚಿವರ ಹೇಳಿಕೆಯ ತಪ್ಪು ಎತ್ತಿತೋರಿಸಲು ಸ್ಪೀಕರ್ ನಿರ್ದೇಶನ 115 ಇದೆ.

ಆಮೇಲೆ ಕ್ರಿಯಾಪದ ನೋಡಿ. 'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು' ಅನ್ನುವುದು ಭರವಸೆ, ಸರ್ಕಾರಿ ಭರವಸೆಗಳ ಸಮಿತಿಯ ವ್ಯಾಪ್ತಿಗೆ ಬರುತ್ತೆ. ಲೋಕಸಭೆಯಲ್ಲಿ ಅದನ್ನು ಈಡೇರಿಸಲು 3 ತಿಂಗಳು. ಸಮಿತಿ ತಾನಾಗಿ ಹಿಡಿಯುತ್ತೆ ಅಂತ ಕೂರದೆ ಸದಸ್ಯರಿಂದ ಸಮಿತಿಗೆ ಪತ್ರ ಹಾಕಿಸಿ. 'ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು' ಬಂದರೆ ಅದು ಬೇಕಂತಲೇ ಸಡಿಲ ಬಿಟ್ಟ ಗಂಟು. ಮುಂದಿನ ಸಲ 'ಪ್ರಸ್ತಾವನೆ ಆರ್ಥಿಕ ಇಲಾಖೆಗೆ ಸಲ್ಲಿಕೆಯಾದ ದಿನಾಂಕ ಯಾವುದು, ಪ್ರಸ್ತುತ ಯಾವ ಹಂತದಲ್ಲಿದೆ' ಅಂತ ಕೇಳಿ. ಸಲ್ಲಿಸಿಯೇ ಇಲ್ಲ ಅನ್ನುವುದು ಹೊರಬರುವುದು ಹೀಗೆ.

ಕೊನೆಗೆ ಆರ್‌ಟಿಐ. ಸದರಿ ಎಲ್‌ಎಕ್ಯೂ ಸಂಖ್ಯೆ ನಮೂದಿಸಿ, ಉತ್ತರ ತಯಾರಿಸಲು ಜಿಲ್ಲಾ ಪಂಚಾಯಿತಿಗಳಿಂದ ಬಂದ ಮಾಹಿತಿ ಮತ್ತು ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. ಉತ್ತರ ಸದನದಲ್ಲಿ ಮಂಡನೆಯಾದ ಮೇಲಷ್ಟೇ ಅರ್ಜಿ ಹಾಕಿ. ಮೊದಲೇ ಹಾಕಿದರೆ ಸದನದ ಹಕ್ಕುಚ್ಯುತಿ ಅಂತ ಕಲಂ 8(1)(ಸಿ) ತೋರಿಸಿ ವಾಪಸ್ ಕಳಿಸುತ್ತಾರೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಜಿಲ್ಲೆಗಳ ಮಾಹಿತಿಗೊಂದು, ಟಿಪ್ಪಣಿ ಹಾಳೆಗೊಂದು ಅರ್ಜಿ ಬೇರೆ ಬೇರೆ ಹಾಕಿ.